ತೋನ್ಸೆಪಾರಿನ ಕಲ್ಲಿಗೂ ಒಂದು ಗೇಟು ಬೇಕು

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ನೋಟಿಸ್ ಬೋರ್ಡಿಗೆ ಏರುವ ಊರುಗಳ ಪಟ್ಟಿ ಹೆಚ್ಚುಕಡಿಮೆ ಪ್ರತಿ ವರ್ಷ ಅದೇ: ಧರ್ಮಸ್ಥಳ, ಶೃಂಗೇರಿ, ಹೊರನಾಡು, ಉಡುಪಿ, ಮಲ್ಪೆ, ಮುರುಡೇಶ್ವರ. ರಾತ್ರಿ ಊಟ ಮುಗಿಸಿಕೊಂಡು ಹೊರಟ ಬಸ್ಸು ಮಡಿಕೇರಿ ದಾಟಿ ಸಂಪಾಜೆಯ ಘಾಟಿ ಇಳಿಯುವಾಗ ಮಕ್ಕಳೆಲ್ಲ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆಹೋಗಿರುತ್ತಾರೆ. ಎರಡು ಮೂರು ದಿನದಲ್ಲಿ ಆರೇಳು ಊರು ಮುಗಿಯಬೇಕು. ಈ ಓಟದಲ್ಲಿ ಮಲ್ಪೆಗೆ ಸಿಗುವುದು ಒಂದು ಮಧ್ಯಾಹ್ನ. ಅದೃಷ್ಟವಿದ್ದರೆ, ಬೋಟಿನ ದುಡ್ಡು ಹೊಂದಿದರೆ, ಸೇಂಟ್ ಮೇರೀಸ್ ದ್ವೀಪಕ್ಕೆ ಒಂದು ಗಂಟೆ.

ಆ ಒಂದು ಗಂಟೆಯಲ್ಲಿ ಮಕ್ಕಳು ಕಲ್ಲಿನ ಕಂಬಗಳ ಮೇಲೆ ಹತ್ತುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಚಿಪ್ಪು ಹೆಕ್ಕಿ ಜೇಬಿಗೆ ತುಂಬಿಕೊಳ್ಳುತ್ತಾರೆ. ವಾಪಸು ಬೋಟಿಗೆ ಕರೆ ಬರುತ್ತದೆ. ತಾವು ಕಾಲಿಟ್ಟದ್ದು ಎಂಟೂವರೆ ಕೋಟಿ ವರ್ಷಕ್ಕೂ ಹಿಂದೆ ಉಕ್ಕಿ ಹರಿದ ಲಾವಾದ ಮೇಲೆ ಎಂದು ಅವರಿಗೆ ಹೇಳುವವರು ಬಹಳ ಸಲ ಯಾರೂ ಇರುವುದಿಲ್ಲ.

ಇದು ಬದಲಾಗಬೇಕು. ಆ ದ್ವೀಪಕ್ಕೆ ಅರ್ಧ ದಿನವನ್ನಾದರೂ ಕೊಡಬೇಕು, ತಿಳಿದವರೊಬ್ಬರ ಜೊತೆ ನಿಧಾನವಾಗಿ ನಡೆದು ನೋಡಬೇಕು. ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಪಾಠವನ್ನು ಹುಣಸೂರು ಕಡೆಯವರು ದೂರದಿಂದ ತರಬೇಕಾಗಿಲ್ಲ. ನಾಗರಹೊಳೆ ಕಾಡಿನ ಬಾಗಿಲಾದ ವೀರನಹೊಸಹಳ್ಳಿಯ ಗೇಟಿನಲ್ಲಿ ಅದನ್ನು ಅವರು ವರ್ಷಗಳಿಂದ ಕಲಿಯುತ್ತಲೇ ಬಂದಿದ್ದಾರೆ.

ಮೊದಲು ಆ ಕಲ್ಲಿನ ವಿಷಯ.

ಮಲ್ಪೆಯ ಎದುರಿಗೆ ಕಡಲಿನಲ್ಲಿ ಕೆಲವು ಕಿಲೋಮೀಟರ್ ದೂರದಲ್ಲಿ ಸಣ್ಣ ಸಣ್ಣ ದ್ವೀಪಗಳ ಒಂದು ಸಾಲಿದೆ, ಸೇಂಟ್ ಮೇರೀಸ್ ಎಂಬುದು ಅದರ ಹೆಸರು. ಅವುಗಳಲ್ಲಿ ಜನ ಹೋಗುವುದು ಮುಖ್ಯವಾಗಿ ತೆಂಗಿನ ಮರಗಳಿರುವ ಒಂದಕ್ಕೆ. ಊರಿನವರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಆಸುಪಾಸು. ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರ್‌ಗಿಂತ ಹೆಚ್ಚೇನೂ ಮೇಲಿಲ್ಲ. ಮನೆಯಿಲ್ಲ, ವಾಸವಿಲ್ಲ. ಬೆಟ್ಟ ಹತ್ತುವ ಚಾರಣಿಗರಿಗೆ ಇದು ಏನೂ ಅಲ್ಲ ಎನಿಸಬಹುದು. ಆದರೆ ದಡದುದ್ದಕ್ಕೂ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಒಂದು ಸುತ್ತು ಬರುವುದಕ್ಕೆ ಹುಷಾರು ಬೇಕು, ಸಮಯವೂ ಬೇಕು. ಮರಳು ಕಡಿಮೆ. ಕಾಲಿಗೆ ಸಿಗುವುದು ಒಡೆದ ಚಿಪ್ಪು, ಉರುಟು ಕಲ್ಲು, ಪಾಚಿ ಹಿಡಿದ ಬಂಡೆ. ಅವುಗಳ ನಡುವೆ ಒತ್ತೊತ್ತಾಗಿ ನಿಂತ ಕಂಬಗಳು. ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು, ಕೆಲವು ಮುರಿದು ತಲೆ ಮಾತ್ರ ಕಾಣುವಂತೆ. ಒಂದೊಂದರ ತಲೆಗೂ ಐದು, ಆರು, ಏಳು ಮೂಲೆ.

ನೋಡಿದವರ ಮೊದಲ ಪ್ರಶ್ನೆ, ಯಾರು ಕೆತ್ತಿದ್ದು ಎಂಬುದು. ಮಕ್ಕಳು ಹಾಗೆ ಕೇಳಿದರೆ ಅದು ಒಳ್ಳೆಯ ಪ್ರಶ್ನೆಯೇ. ಉತ್ತರಕ್ಕೆ ಹುಣಸೂರಿನ ಮಕ್ಕಳು ತಮ್ಮೂರಿನ ಕೆರೆಯನ್ನು ನೆನೆದರೆ ಸಾಕು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳದ ಗೋಡುಮಣ್ಣು ಒಣಗುತ್ತ ಕುಗ್ಗುತ್ತದೆ, ಕುಗ್ಗಿದಂತೆ ಬಿರುಕು ಬಿಡುತ್ತದೆ, ಬಿರುಕುಗಳು ಒಂದಕ್ಕೊಂದು ಸೇರಿ ಹಲವು ಮೂಲೆಗಳ ಹೆಂಟೆಗಳಾಗುತ್ತವೆ. ಲಾವಾದಲ್ಲಿ ನಡೆಯುವುದೂ ಅದೇ ಕುಗ್ಗುವಿಕೆ. ಅಲ್ಲಿ ಕಾರಣ ಒಣಗುವುದಲ್ಲ, ತಣಿಯುವುದು. ಮೇಲ್ಮೈ ಮೊದಲು ತಣಿದು ಬಿರಿಯುತ್ತದೆ. ಒಳಗಿನ ಕೆಂಡದಂಥ ಭಾಗ ತಣಿಯುತ್ತ ಹೋದಂತೆ ಬಿರುಕು ಒಳಕ್ಕೆ, ಇನ್ನೂ ಒಳಕ್ಕೆ ಇಳಿಯುತ್ತದೆ. ಹೀಗೆ ಮೇಲಿನ ಬಿರುಕಿನ ಜಾಲ ಆಳಕ್ಕಿಳಿದು ಕಂಬಗಳ ಸಾಲಾಗುತ್ತದೆ. ಕಲ್ಲಿನೊಳಗಿನ ಬಿಗುವು ಎಲ್ಲ ಕಡೆಗೂ ಸಮವಾಗಿದ್ದಾಗ, ಮೂರು ಬಿರುಕುಗಳು ಸಮಾನ ಕೋನದಲ್ಲಿ ಕೂಡುವುದು ಅತ್ಯಂತ ಕಡಿಮೆ ಶಕ್ತಿ ಬೇಡುವ ದಾರಿ. ಅದಕ್ಕೇ ಆರು ಮೂಲೆಯ ಕಂಬಗಳು ಅಷ್ಟೊಂದು. ತಣಿಯುವ ವೇಗ ಹೆಚ್ಚಿದ್ದಲ್ಲಿ ಕಂಬ ಸಪೂರ, ನಿಧಾನವಾದಲ್ಲಿ ದಪ್ಪ. ಕಂಬ ಯಾವ ಕಡೆಗೆ ವಾಲಿದೆ ಎಂದು ನೋಡಿದರೆ, ತಣಿಯುತ್ತಿದ್ದ ಮೇಲ್ಮೈ ಯಾವ ಕಡೆಗಿತ್ತೆಂಬುದನ್ನೂ ಊಹಿಸಬಹುದು. ಎಂಟನೆಯ ತರಗತಿಯ ರೇಖಾಗಣಿತ, ಭೌತವಿಜ್ಞಾನ, ಭೂಗೋಳ ಮೂರೂ ಒಂದೇ ಕಲ್ಲಿನ ಮೇಲೆ ಸಿಗುವ ಜಾಗ ರಾಜ್ಯದಲ್ಲಿ ಎಷ್ಟಿವೆ?

ಇನ್ನೂ ದೊಡ್ಡ ಕಥೆ ಆ ಕಲ್ಲಿನ ವಯಸ್ಸಿನಲ್ಲಿದೆ. ಲಾವಾ ಎಂದ ಕೂಡಲೇ ನಮ್ಮ ಪಠ್ಯಪುಸ್ತಕ ನೆನಪಿಸುವುದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್. ಅದು ಸುಮಾರು 6.6 ಕೋಟಿ ವರ್ಷ ಹಳೆಯದು. ಮುಂಬೈ ಅಂಧೇರಿಯ ಗಿಲ್ಬರ್ಟ್ ಹಿಲ್‌ನ ಕಂಬಗಳು ಆ ಕಾಲದವು. ತೋನ್ಸೆಪಾರಿನ ಕಲ್ಲು ಅದಕ್ಕಿಂತ ಹಿರಿಯದು, ಜಾತಿಯೂ ಬೇರೆ. ಸಿಲಿಕಾ ಹೆಚ್ಚಿರುವ ಡೇಸೈಟ್, ರಯೊಲೈಟ್ ಬಗೆಯ ಲಾವಾ ಇದು. ಬೇರೆ ಬೇರೆ ವಿಧಾನಗಳಲ್ಲಿ ವಿಜ್ಞಾನಿಗಳು ಅಳೆದ ವಯಸ್ಸು ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿದೆ. ಡೈನೋಸಾರ್‌ಗಳು ಇನ್ನೂ ಬದುಕಿದ್ದ ಕಾಲ. ಆಗ ಭಾರತದ ಪಶ್ಚಿಮ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಈಗ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಮ್ಯಾರಿಯನ್ ದ್ವೀಪದ ಅಡಿಯಲ್ಲಿದೆ ಎನ್ನಲಾಗುವ ಭೂಗರ್ಭದ ಬಿಸಿತಾಣವೊಂದು ಈ ಎರಡು ನೆಲಗಳ ಬೇರ್ಪಡುವಿಕೆಗೆ ಸಂಬಂಧಿಸಿದ್ದೆಂಬುದು ಹೆಚ್ಚಿನ ಭೂವಿಜ್ಞಾನಿಗಳ ಮತ. ನೆಲ ಸೀಳುತ್ತಿದ್ದಾಗ ಉಕ್ಕಿದ ಲಾವಾದ ಒಂದು ಚೂರು ನಮ್ಮ ಕಡೆ ಉಳಿಯಿತು. ಅದೇ ವಯಸ್ಸಿನ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲಿ ದೊಡ್ಡ ಪ್ರಮಾಣದಲ್ಲಿದೆ. ಇವತ್ತು ಮಲ್ಪೆಗೂ ಮಡಗಾಸ್ಕರಿಗೂ ನಡುವೆ ಸುಮಾರು 4,000 ಕಿಲೋಮೀಟರ್ ನೀರು.

ಇಂಥ ಸಾಕ್ಷ್ಯದ ಮೇಲೆ ಕಾಲಿಟ್ಟು ನಿಂತ ಮಗುವಿಗೆ ಅದನ್ನು ಹೇಳದೆ ವಾಪಸು ಕರೆತರುವುದು ಅನ್ಯಾಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಅಂಥ ಇನ್ನೂ ಮೂರು ಜಾಗಗಳಿವೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಕಲ್ಲುಗಳು. ಬೇಲೂರು, ಹಳೇಬೀಡಿನ ಶಿಲ್ಪದ ಮೇಲೆ ಯಾರಾದರೂ ಹತ್ತಿ ಕುಳಿತರೆ ಸುತ್ತಲಿನವರೇ ಗದರಿಸುತ್ತಾರೆ. ತೋನ್ಸೆಪಾರಿನಲ್ಲಿ ಹತ್ತದವರೇ ಕಡಿಮೆ. ಮನುಷ್ಯ ಕೆತ್ತಿದ್ದಕ್ಕೆ ಇರುವ ಮರ್ಯಾದೆ ನೆಲವೇ ಕೆತ್ತಿಕೊಂಡದ್ದಕ್ಕೆ ಇನ್ನೂ ಸಿಕ್ಕಿಲ್ಲ.

ಸೇಂಟ್ ಮೇರೀಸ್ ಎಂಬ ಹೆಸರಿನ ಹಿಂದೆ ವಾಸ್ಕೋ ಡ ಗಾಮನ ಕಥೆಯಿದೆ, ಪ್ರವಾಸಿ ಕೈಪಿಡಿಗಳಿಗೆ ಅದೇ ಹೆಚ್ಚು ಪ್ರಿಯ. ಕಲ್ಲಿಕೋಟೆಗೆ ಬರುವ ಮೊದಲು ಅವನು ಇಲ್ಲಿ ಇಳಿದನೆಂದು ಹಲವರು ಬರೆಯುತ್ತಾರೆ. ಆ ಯಾನದ ದಿನಚರಿ ಹೇಳುವುದು ಬೇರೆ. 1498ರ ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆ ಬಿಟ್ಟು ಉತ್ತರಕ್ಕೆ ಹಾಯಿ ಬಿಚ್ಚಿದ ಮೇಲೆ, ಸೆಪ್ಟೆಂಬರಿನಲ್ಲಿ, ದಡಕ್ಕೆ ಹತ್ತಿರದ ಸಣ್ಣ ದ್ವೀಪವೊಂದರಲ್ಲಿ ಪೋರ್ಚುಗೀಸರು ಸಾಂತಾ ಮರಿಯಾ ಹೆಸರಿನ ಕಲ್ಲುಕಂಬ ನೆಟ್ಟರು. ಅದು ಮಲ್ಪೆಯ ಈ ಸಾಲೇ ಎಂಬುದು ಸಂಪ್ರದಾಯವಾಗಿ ಬಂದ ಗುರುತು. ಅಲ್ಲಿಂದ ಅವರು ಕಾರವಾರದ ಬಳಿಯ ಅಂಜದೀವಕ್ಕೆ ಹೋದರು. ಐನೂರು ಚಿಲ್ಲರೆ ವರ್ಷದ ಈ ಘಟನೆ ಮುಖ್ಯವೇ ಸರಿ. ಆದರೆ ಅದನ್ನು ಒಂದು ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ಹೊತ್ತನ್ನು ಕೋಟಿ ವರ್ಷಗಳಿಗೆ ಬಿಡುವುದು ಒಳ್ಳೆಯದು.

ದ್ವೀಪಕ್ಕೆ ಹೋಗುವ ಮುನ್ನ ಊರು. ಉಡುಪಿಯನ್ನು ಬಯಲುಸೀಮೆಯವರು ಹೆಚ್ಚಾಗಿ ನೋಡುವುದು ಕೃಷ್ಣಮಠದ ಸರತಿ ಸಾಲಿನಲ್ಲಿ ನಿಂತು. ಕನಕನ ಕಿಂಡಿ, ದರ್ಶನ, ಊಟ, ಮುಂದಿನ ಊರು. ರಥಬೀದಿಯನ್ನು ಒಂದು ಸುತ್ತು ನಿಧಾನಕ್ಕೆ ನಡೆದರೆ ಅಷ್ಟಮಠಗಳ ಸಾಲು, ಅನಂತೇಶ್ವರ, ಚಂದ್ರಮೌಳೀಶ್ವರ ದೇಗುಲಗಳು, ಮಧ್ವಸರೋವರ ಎಲ್ಲ ಕೈಯಳತೆಯಲ್ಲಿವೆ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಪೂಜೆಯ ಅಧಿಕಾರ ಒಂದು ಮಠದಿಂದ ಮತ್ತೊಂದಕ್ಕೆ ಹಸ್ತಾಂತರವಾಗುವ ಪರ್ಯಾಯ ನಡೆಯುವುದೂ ಈ ಬೀದಿಯಲ್ಲೇ. ಕೃಷ್ಣನ ಮೂರ್ತಿ ಮಲ್ಪೆಯ ಕಡಲಿನಲ್ಲಿ ಹಡಗಿನ ಗೋಪಿಚಂದನದ ಗೆಡ್ಡೆಯೊಳಗೆ ಮಧ್ವಾಚಾರ್ಯರಿಗೆ ದೊರಕಿತೆಂಬುದು ಐತಿಹ್ಯ. ಅಂದರೆ ಈ ಊರಿನ ಭಕ್ತಿಯ ಕಥೆಯೂ ಬಂದರಿನಿಂದಲೇ ಶುರು.

ಬಂದರಿಗೆ ಬೆಳಗ್ಗೆ ಹೋಗಬೇಕು. ಕಬಿನಿಯ ಹಿನ್ನೀರಿನ ಮೀನು, ಕೆರೆಯ ಮೀನು ನೋಡಿ ಬೆಳೆದ ಎಚ್.ಡಿ. ಕೋಟೆಯ ಮಕ್ಕಳಿಗೆ ಮಲ್ಪೆಯ ಮೀನುಗಾರಿಕಾ ಬಂದರು ಬೇರೆಯದೇ ಪ್ರಪಂಚ. ಸಾಲುಗಟ್ಟಿ ನಿಂತ ಬೋಟುಗಳು, ಬುಟ್ಟಿಬುಟ್ಟಿ ಬಂಗುಡೆ, ಬೂತಾಯಿ, ಮಂಜುಗಡ್ಡೆ ತುಂಬುವ ಲಾರಿಗಳು, ಬಲೆ ಹೊಲಿಯುತ್ತ ಕುಳಿತ ಗಂಡಸರು, ಏಲಂ ಕೂಗುವ ಸದ್ದು, ಬುಟ್ಟಿ ಹೊತ್ತು ಪೇಟೆಗೆ ಹೊರಡುವ ಮೊಗವೀರ ಹೆಂಗಸರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲಕ್ಕೆ ಕಡಲನ್ನು ಅದರ ಪಾಡಿಗೆ ಬಿಡುವ ಈ 61 ದಿನದ ನಿಯಮವನ್ನು ಮಕ್ಕಳಿಗೆ ಜೆಟ್ಟಿಯ ಮೇಲೆ ನಿಲ್ಲಿಸಿಯೇ ಹೇಳಬೇಕು. ಸಂಜೆ ಆರರ ಮೇಲೆ ಕಾಡಿನ ರಸ್ತೆ ಮುಚ್ಚುವುದನ್ನು ನೋಡಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ.

ಊರಿನ ಮನೆಗಳ ಗೋಡೆಯನ್ನೂ ತೋರಿಸಬೇಕು. ಕರಾವಳಿಯ ಮುರಕಲ್ಲು, ಅದೇ ಕೆಂಪುಕಲ್ಲು, ಅಗೆಯುವಾಗ ಕತ್ತರಿಸಬಹುದಾದಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ ಅವನು ಪಿರಿಯಾಪಟ್ಟಣದಲ್ಲೂ ತಂಗಿದ್ದ, ಉಡುಪಿಯನ್ನೂ ಕಂಡಿದ್ದ. ಅವನ ಬರಹ 1807ರಲ್ಲಿ ಅಚ್ಚಾಯಿತು. ಹೊಲ, ಬೆಳೆ, ಕಲ್ಲು, ಮಣ್ಣು, ಜನ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ ಪ್ರವಾಸ ಅದು. ಕಂಪನಿ ಸರ್ಕಾರದ ಲೆಕ್ಕಾಚಾರಕ್ಕಾಗಿ ನಡೆದದ್ದೆಂಬುದು ನಿಜ. ಆದರೂ ಊರಿಂದೂರಿಗೆ ಹೋಗುವಾಗ ಕಣ್ಣು ತೆರೆದಿರಬೇಕೆಂಬುದಕ್ಕೆ ಪಿರಿಯಾಪಟ್ಟಣದ ಶಾಲೆಗೆ ತನ್ನೂರಿನದೇ ಉದಾಹರಣೆ ಸಿಕ್ಕಂತಾಯಿತು.

ಈಗ ವೀರನಹೊಸಹಳ್ಳಿಯ ಗೇಟು.

ಹುಣಸೂರು ತಾಲ್ಲೂಕಿನ ಈ ಹಳ್ಳಿ ರಾಜ್ಯಕ್ಕೆಲ್ಲ ಗೊತ್ತಿರುವುದು ದಸರಾ ಗಜಪಯಣದಿಂದ. ಶಿಬಿರಗಳಿಂದ ಬಂದ ಆನೆಗಳು ಇಲ್ಲಿ ಪೂಜೆ ಮಾಡಿಸಿಕೊಂಡು ಮೈಸೂರಿನ ಅರಮನೆಗೆ ಹೊರಡುತ್ತವೆ, ಮಾವುತರು, ಕಾವಾಡಿಗಳು ಸಂಸಾರ ಸಮೇತ ಜೊತೆಗೆ ಹೋಗುತ್ತಾರೆ. ಸುತ್ತಲಿನ ಊರುಗಳವರಿಗೆ ಮಾತ್ರ ಇದು ಉಳಿದ ದಿನಗಳಲ್ಲೂ ಕಾಡಿನ ಹೊಸ್ತಿಲು. ಗೇಟು ದಾಟಿದ ಮೇಲೆ ಗಾಡಿಯಿಂದ ಇಳಿಯುವಂತಿಲ್ಲ, ಹಾರನ್ ಬಾರಿಸುವಂತಿಲ್ಲ, ಪ್ಲಾಸ್ಟಿಕ್ ಎಸೆಯುವಂತಿಲ್ಲ, ಪ್ರಾಣಿಗಳಿಗೆ ತಿಂಡಿ ಕೊಡುವಂತಿಲ್ಲ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ರಸ್ತೆ ಮುಚ್ಚಿರುತ್ತದೆ. ತುರ್ತು ಇದ್ದವರಿಗೆ, ಕಾಡಂಚಿನಲ್ಲಿ ಬದುಕುವವರಿಗೆ ಇದರಿಂದ ಕಷ್ಟವಾಗುವುದುಂಟು. ಆದರೂ ಕಾಡಿನ ಒಳಗೆ ಹೇಗಿರಬೇಕೆಂಬ ನಡವಳಿಕೆ ಒಂದು ತಲೆಮಾರಿನಲ್ಲಿ ಮೈಗೂಡಿದೆ. ಹುಣಸೂರಿನ ಹುಡುಗನೊಬ್ಬ ಚಿಪ್ಸ್ ಪೊಟ್ಟಣವನ್ನು ಕಾಡಿನ ರಸ್ತೆಗೆ ಎಸೆದರೆ ಬಸ್ಸಿನಲ್ಲಿರುವ ಯಾರಾದರೂ ಒಬ್ಬರು ಅವನನ್ನು ಕೇಳುತ್ತಾರೆ.

ಈ ನಡವಳಿಕೆ ತಾನಾಗಿ ಬಂದದ್ದಲ್ಲ. 1955ರಲ್ಲಿ ವನ್ಯಧಾಮವಾಗಿ ಶುರುವಾದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಿನೊಳಗೇ ದೊಡ್ಡ ಹೋಟೆಲ್ ಸಂಸ್ಥೆಯೊಂದರ ತಂಗುದಾಣ ಏಳುವುದರಲ್ಲಿತ್ತು. ಜೇನುಕುರುಬರೂ ಇತರ ಆದಿವಾಸಿಗಳೂ ಎದ್ದುನಿಂತರು, ಹೋರಾಟ ನಡೆಯಿತು. 1997ರಲ್ಲಿ ಹೈಕೋರ್ಟ್ ಅವರ ಪರವಾಗಿ ನಿಂತಿತು, ಕಟ್ಟಡ ನಿಂತುಹೋಯಿತು. ಅದೇ ಆದಿವಾಸಿಗಳು ಕಾಡಿನಿಂದ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಹಾಡಿಗಳಲ್ಲಿ ನೆಲೆಸಬೇಕಾಯಿತೆಂಬುದೂ ಈ ಚರಿತ್ರೆಯ ಭಾಗ, ಮತ್ತು ಅದರ ನೋವು ಇನ್ನೂ ಆರಿಲ್ಲ. ಗೇಟು ಹಾಕುವಾಗ ಅಲ್ಲೇ ಬದುಕುವವರನ್ನು ಹೊರಗಿಟ್ಟರೆ ಏನಾಗುತ್ತದೆಂಬುದಕ್ಕೆ ನಾಗರಹೊಳೆ ಒಂದು ಎಚ್ಚರಿಕೆಯೂ ಹೌದು. ಕಾಡನ್ನು ಹೋಟೆಲಿನಿಂದ ಉಳಿಸಿಕೊಂಡ ಹೆಮ್ಮೆ, ಜನರನ್ನು ಒಕ್ಕಲೆಬ್ಬಿಸಿದ ತಪ್ಪು, ಎರಡನ್ನೂ ನೆನಪಿಟ್ಟುಕೊಂಡೇ ಮಲ್ಪೆಯ ಕಡೆ ನೋಡಬೇಕು.

ಮಲ್ಪೆಯಲ್ಲಿ ಅಲ್ಲೇ ಬದುಕುವವರೆಂದರೆ ಬೋಟಿನವರು, ಮೀನುಗಾರರು, ಲೈಫ್‌ಗಾರ್ಡುಗಳು, ದಡದ ಅಂಗಡಿಯವರು. ದ್ವೀಪಕ್ಕೆ ಹೋಗುವವರ ಸಂಖ್ಯೆಗೆ ಮಿತಿ ಹಾಕಿದರೆ ಮೊದಲ ಪೆಟ್ಟು ಅವರಿಗೆ ಎಂಬ ಆಕ್ಷೇಪ ನ್ಯಾಯವಾದದ್ದು. ಮಳೆಗಾಲದಲ್ಲಿ ಕಡಲು ಕೆರಳಿರುವಾಗ ಬೋಟು ಹೇಗೂ ಇಲ್ಲ. ಉಳಿದ ತಿಂಗಳುಗಳಲ್ಲೇ ವರ್ಷದ ದುಡಿಮೆ ಮುಗಿಯಬೇಕು. ಆದರೆ ಅವರ ದುಡಿಮೆ ಹೆಚ್ಚಾಗಲು ಇರುವ ದಾರಿ ತಲೆಗಳ ಎಣಿಕೆ ಏರಿಸುವುದೊಂದೇ ಅಲ್ಲ. ಒಂದು ಗಂಟೆಯ ಟಿಕೆಟ್ಟಿನ ಬದಲು ಅರ್ಧ ದಿನದ ಟಿಕೆಟ್ಟು, ಜೊತೆಗೆ ಮಲ್ಪೆಯವರೇ ಆದ ತರಬೇತಿ ಪಡೆದ ಗೈಡ್. ಕನ್ನಡ, ತುಳು ಎರಡರಲ್ಲೂ ಮಾತಾಡಬಲ್ಲ, ಉಬ್ಬರ ಇಳಿತ ಗೊತ್ತಿರುವ ಮೀನುಗಾರರ ಮನೆಯ ಹುಡುಗ ಹುಡುಗಿಯರಿಗೆ ಭೂವಿಜ್ಞಾನದ ತರಬೇತಿ ಕೊಟ್ಟರೆ ಅವರನ್ನು ಮೀರಿಸುವ ಗೈಡ್ ಎಲ್ಲಿ ಸಿಕ್ಕಾನು? ಮಣಿಪಾಲದಂಥ ವಿದ್ಯಾನಗರಿ ಕೆಲವೇ ಕಿಲೋಮೀಟರ್ ದೂರದಲ್ಲಿದೆ, ಮಂಗಳೂರು ವಿಶ್ವವಿದ್ಯಾಲಯವೂ ದೂರವಲ್ಲ. ನಾಗರಹೊಳೆಯ ಸಫಾರಿ ಜೀಪಿನಲ್ಲಿ ಹೆಜ್ಜೆಗುರುತು ಓದಿ ಹೇಳುವ ಕಾಡಂಚಿನ ಹುಡುಗನ ಮಾತಿಗೆ ಪ್ರವಾಸಿಗರು ಎಷ್ಟು ಬೆಲೆ ಕೊಡುತ್ತಾರೆಂಬುದನ್ನು ನೋಡಿದವರಿಗೆ ಇದರಲ್ಲಿ ಅನುಮಾನ ಇರಲಾರದು.

ಹೊರಗಿನ ಒಂದು ಉದಾಹರಣೆ. ನ್ಯೂಜಿಲೆಂಡಿನ ಆಕ್ಲೆಂಡ್ ಕಡಲಂಚಿನ ದೊಡ್ಡ ನಗರ. ನಗರದ ಎದುರಿಗೇ ರಂಗಿಟೋಟೊ ಎಂಬ ಜ್ವಾಲಾಮುಖಿ ದ್ವೀಪ. ಅದು ಹುಟ್ಟಿದ್ದು ಸುಮಾರು 600 ವರ್ಷಗಳ ಹಿಂದೆ, ಅಂದರೆ ನಮ್ಮಲ್ಲಿ ವಿಜಯನಗರ ಆಳುತ್ತಿದ್ದ ಕಾಲದಲ್ಲಿ. ಎತ್ತರ ಸುಮಾರು 260 ಮೀಟರ್. ಫೆರಿ ಹತ್ತಿದರೆ ಅರ್ಧ ಗಂಟೆಯೊಳಗೆ ದ್ವೀಪ, ಅಲ್ಲಿಂದ ಲಾವಾದ ಹಾಸಿನ ನಡುವಿನ ಕಾಲುದಾರಿಯಲ್ಲಿ ಶಿಖರಕ್ಕೆ ನಡಿಗೆ. ಅಂಗಡಿ ಇಲ್ಲ. ತಂದ ನೀರು, ತಂದ ಬುತ್ತಿ. ಉಳಿದ ಕಸವೂ ತಂದವರ ಜೊತೆಯೇ ವಾಪಸು. ಹೊರಗಿನ ಬೀಜ, ಮಣ್ಣು, ಇಲಿ, ಇರುವೆ ದ್ವೀಪ ಸೇರಬಾರದೆಂದು ಹೊರಡುವ ಮುಂಚೆ ಬೂಟು ಉಜ್ಜಿ, ಚೀಲ ಜಾಲಾಡಿ ನೋಡಿಕೊಳ್ಳಬೇಕು. ದಾರಿ ಬಿಟ್ಟು ಲಾವಾದ ಮೇಲೆ ಅಡ್ಡಾಡುವುದು ಪದ್ಧತಿಯಲ್ಲ. ಆಕ್ಲೆಂಡಿನವರು ಇದರಿಂದ ದ್ವೀಪಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಕಂಬಗಳದ್ದೂ ತೋನ್ಸೆಪಾರಿನಂಥದೇ ರಚನೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಜಾಗದಲ್ಲಿ ಕಲ್ಲಿನ ಕಥೆ ಹೇಳಲೆಂದೇ ಒಂದು ಕೇಂದ್ರವಿದೆ. ನೋಡುಗರು ಮೊದಲು ಅದನ್ನು ತಿಳಿದುಕೊಂಡು ಆಮೇಲೆ ದಡಕ್ಕಿಳಿಯಬಹುದು.

ಮಲ್ಪೆಯ ಜೆಟ್ಟಿಯಲ್ಲಿ ಅಂಥ ಒಂದು ಕೊಠಡಿ ಸಾಕು. ಕಾಂಕ್ರೀಟಿನ ಅರಮನೆ ಬೇಡ, ದ್ವೀಪದ ಮೇಲಂತೂ ಯಾವ ಕಟ್ಟಡವೂ ಬೇಡ. ಬೋಟಿಗೆ ಕಾಯುವ ಹೊತ್ತಿನಲ್ಲಿ ಹದಿನೈದು ನಿಮಿಷ ಕುಳಿತು ನೋಡುವ ಒಂದು ಚಿತ್ರ, ಕೈಯಲ್ಲಿ ಹಿಡಿದು ನೋಡಲು ಒಂದೆರಡು ಕಲ್ಲಿನ ಚೂರು, ಭಾರತವೂ ಮಡಗಾಸ್ಕರೂ ಒಂದಾಗಿದ್ದ ನಕ್ಷೆ. ದ್ವೀಪದಲ್ಲಿ ನಡೆಯುವುದಕ್ಕೆ ಗುರುತು ಮಾಡಿದ ಒಂದು ದಾರಿ. ಎಲ್ಲ ಕಂಬಗಳಿಂದಲೂ ಜನರನ್ನು ದೂರವಿಡುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಮುಟ್ಟಿ ನೋಡಲು ಒಂದು ಭಾಗ ಬಿಟ್ಟು, ಚೆನ್ನಾಗಿ ಉಳಿದಿರುವ ಕಂಬಗಳ ಗುಂಪಿಗೆ ಹತ್ತದಂತೆ ತಡೆದರೆ ಸಾಕು. ಪ್ಲಾಸ್ಟಿಕ್ ಬಾಟಲಿಗೆ ಜೆಟ್ಟಿಯಲ್ಲೇ ಠೇವಣಿ ಕಟ್ಟಿಸಿಕೊಂಡು, ವಾಪಸು ತಂದವರಿಗೆ ಹಣ ಮರಳಿಸುವ ಏರ್ಪಾಡನ್ನೂ ಇಲ್ಲಿ ತರಬಹುದು.

ಶಿಸ್ತಿನ ಮಾತು ಕಲ್ಲಿನ ಸಲುವಾಗಿ ಮಾತ್ರ ಬಂದದ್ದಲ್ಲ. ಒಳನಾಡಿನ ಮಕ್ಕಳಿಗೆ ಕಡಲು ಗೊತ್ತಿಲ್ಲ. ಈಜು ಬಲ್ಲ ಹುಡುಗನೂ ಲಕ್ಷ್ಮಣತೀರ್ಥದಲ್ಲೋ ನಾಲೆಯಲ್ಲೋ ಈಜಿದವನು. ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆಂಬುದು ಅವನ ಅನುಭವಕ್ಕೆ ಬಂದಿರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಇದೇ ಸೇಂಟ್ ಮೇರೀಸ್ ದ್ವೀಪದಲ್ಲಿ ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಮುಳುಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಸತ್ತರು. ಅವರೂ ಶಾಲಾ ಪ್ರವಾಸಕ್ಕೆ ಬಂದವರು, ಕಡಲಿಲ್ಲದ ಸೀಮೆಯಿಂದ ಬಂದವರು. ಆ ಸುದ್ದಿ ಓದಿದ ದಿನ ಹುಣಸೂರಿನ, ಕೆ.ಆರ್. ನಗರದ ಎಷ್ಟು ತಾಯಂದಿರು ಮಕ್ಕಳ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿದಿರಬಹುದು! ಅವರ ಭಯಕ್ಕೆ ಉತ್ತರ ಪ್ರವಾಸ ರದ್ದುಮಾಡುವುದಲ್ಲ. ಓಡುವ ಪ್ರವಾಸವೇ ಅಪಾಯದ ಮೂಲ. ಮೂರು ರಾತ್ರಿ ಸರಿಯಾಗಿ ನಿದ್ದೆಯಿಲ್ಲದ ಶಿಕ್ಷಕರು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಅನುಭವಿಸಿಬಿಡಬೇಕೆಂಬ ಮಕ್ಕಳ ಆತುರ, ಕತ್ತಲಾಗುವ ಮುಂಚೆ ಮುಂದಿನ ಊರು ತಲುಪಬೇಕೆಂಬ ಚಾಲಕನ ಅವಸರ. ಊರುಗಳನ್ನು ಕಡಿಮೆ ಮಾಡಿ ಹೊತ್ತನ್ನು ಹೆಚ್ಚು ಮಾಡಿದರೆ ಕಣ್ಣಿಟ್ಟು ನೋಡಿಕೊಳ್ಳುವುದು ಸುಲಭ. ಗುರುತು ಮಾಡಿದ ದಾರಿಯಲ್ಲಿ ಗೈಡ್ ಜೊತೆ ಸಾಲಾಗಿ ನಡೆಯುವ ಮಕ್ಕಳು, ಯಾರೂ ಹೇಳಿಕೊಡುವವರಿಲ್ಲದೆ ಬಂಡೆಯಿಂದ ಬಂಡೆಗೆ ನೆಗೆಯುವ ಮಕ್ಕಳಿಗಿಂತ ಕ್ಷೇಮ.

ದುಡ್ಡಿನ ಪ್ರಶ್ನೆ ಬರುತ್ತದೆ. ತಂಬಾಕಿನ ಬೆಲೆ ನಂಬಿ ಬದುಕುವ ಹುಣಸೂರು, ಪಿರಿಯಾಪಟ್ಟಣದ ರೈತರ ಮಕ್ಕಳಿಗೆ ಪ್ರವಾಸದ ಹಣ ಸಣ್ಣ ಮೊತ್ತವಲ್ಲ. ಹಾಡಿಯ ಮಕ್ಕಳಲ್ಲಿ ಬಹಳ ಜನಕ್ಕೆ ಕಡಲು ನೋಡುವ ಅವಕಾಶವೇ ಸಿಕ್ಕಿಲ್ಲ. ಹಾಗಿರುವಾಗ ಕೊಟ್ಟ ಹಣಕ್ಕೆ ಆರು ಊರು ತೋರಿಸಿ ಎಂದು ಪೋಷಕರು ಕೇಳುವುದು ಸಹಜ. ಆದರೆ ಹುಣಸೂರಿನಿಂದ ಉಡುಪಿಗೆ 250 ಕಿಲೋಮೀಟರಿಗೂ ಹೆಚ್ಚು ದೂರ ಬಂದಮೇಲೆ, ಮುರುಡೇಶ್ವರದವರೆಗೆ ಇನ್ನೂ ನೂರು ಕಿಲೋಮೀಟರ್ ಬಸ್ಸು ಓಡಿಸುವ ಡೀಸೆಲ್ಲಿನ ಖರ್ಚು ಉಳಿದರೆ ಬೋಟಿನ ಟಿಕೆಟ್ಟಿಗೂ ಗೈಡಿಗೂ ಒದಗುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಜ್ಯ ತೋರಿಸಲೆಂದು ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆ ಬಂದದ್ದುಂಟು. ಅದರ ದಾರಿಯ ನಕ್ಷೆ ಬರೆಯುವವರು ದೇವಸ್ಥಾನ, ಅಣೆಕಟ್ಟು, ಅರಮನೆಗಳ ಜೊತೆ ನಾಲ್ಕು ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದನ್ನಾದರೂ ಸೇರಿಸಬೇಕು.

ಇನ್ನೊಂದು ಮಾತನ್ನು ಎಚ್.ಡಿ. ಕೋಟೆಯ ಶಿಕ್ಷಕರಿಗೆ ವಿಶೇಷವಾಗಿ ಹೇಳಬೇಕು. ತೋನ್ಸೆಪಾರಿನ ಒಂಬತ್ತು ಕೋಟಿ ವರ್ಷ ಕೇಳಿ ಬೆರಗಾದ ಮಗು, ನಮ್ಮೂರ ಕಲ್ಲಿಗೆ ಎಷ್ಟು ವರ್ಷ ಎಂದು ಕೇಳಿಯೇ ಕೇಳುತ್ತದೆ. ಉತ್ತರ ಇನ್ನೂ ಬೆರಗಿನದು. ಪಕ್ಕದ ಸರಗೂರಿನ ಹೆಸರನ್ನು ಪ್ರಪಂಚದ ಭೂವಿಜ್ಞಾನಿಗಳು ಬಲ್ಲರು. ಅಲ್ಲಿನ ಕಲ್ಲುಗಳನ್ನು ಆಧಾರವಾಗಿಟ್ಟುಕೊಂಡು, ದಕ್ಷಿಣ ಭಾರತದ ಅತ್ಯಂತ ಹಳೆಯ ಶಿಲಾವರ್ಗಗಳಲ್ಲಿ ಒಂದನ್ನು ‘ಸರಗೂರು ಸಮೂಹ’ ಎಂದು ಕರೆದಿದ್ದಾರೆ. ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಹುಣಸೂರು, ಪಿರಿಯಾಪಟ್ಟಣಗಳ ಹೊಲದ ನಡುವೆ ಬೆನ್ನೆತ್ತಿ ಮಲಗಿದ ಪಟ್ಟೆಪಟ್ಟೆಯ ನೈಸ್ ಬಂಡೆಗಳೂ ಅಂಥದೇ ಪ್ರಾಚೀನ ಕಾಲದವು. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೊಂದು ಭೂವಿಜ್ಞಾನ ಇಲಾಖೆ ಕಟ್ಟಿ ರಾಬರ್ಟ್ ಬ್ರೂಸ್ ಫೂಟ್‌ನಂಥವರನ್ನು ತಂದಿತ್ತು. ಆ ಪರಂಪರೆಯಲ್ಲಿ ಬಂದ ಬಿ.ಪಿ. ರಾಧಾಕೃಷ್ಣ ಈ ವಿಜ್ಞಾನವನ್ನು ಕನ್ನಡದಲ್ಲೂ ಬರೆದರು. ಇಷ್ಟೆಲ್ಲ ಇದ್ದೂ ಸರಗೂರಿನ ಬಹುಪಾಲು ಮಕ್ಕಳಿಗೆ ತಮ್ಮೂರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ ಎಂಬುದು ಗೊತ್ತಿಲ್ಲ.

ಪ್ರವಾಸಕ್ಕೆ ಹೊರಡುವ ಮುನ್ನ ಊರಿನ ಬಂಡೆಯ ಬಳಿ ಒಂದು ತರಗತಿ ನಡೆದರೆ, ಮಲ್ಪೆಯಲ್ಲಿ ನೋಡಿದ್ದನ್ನು ಹೋಲಿಸಲು ಮಕ್ಕಳಿಗೆ ಒಂದು ನೆಲೆ ಸಿಗುತ್ತದೆ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ, ಒಬ್ಬ ವಿಜ್ಞಾನ ಶಿಕ್ಷಕಿಯ ಉತ್ಸಾಹ ಸಾಕು. ಉಡುಪಿಯ ಕಡೆ ಆಗಬೇಕಾದ ಕೆಲಸಗಳಿಗೆ ಮಾತ್ರ ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಬೋಟಿನವರ ಸಂಘಗಳು ಒಂದು ಮೇಜಿನ ಸುತ್ತ ಕೂರಬೇಕು. ದಿನಕ್ಕೆ ಎಷ್ಟು ಬೋಟು, ಒಂದು ಬೋಟಿಗೆ ಎಷ್ಟು ಜನ, ಗೈಡಿನ ಸಂಬಳ ಯಾರ ಲೆಕ್ಕದಲ್ಲಿ, ಶಾಲೆಗಳಿಗೆ ರಿಯಾಯಿತಿ ಎಷ್ಟು ಎಂಬುದು ಅಲ್ಲಿ ತೀರ್ಮಾನವಾಗಲಿ. ಮಳೆಗಾಲ ಕಳೆದು ಬೋಟುಗಳು ಮತ್ತೆ ಹೊರಡುವುದು ಅಕ್ಟೋಬರಿನ ಸುಮಾರಿಗೆ. ಶಾಲೆಗಳು ಪ್ರವಾಸದ ದಿನ ಗೊತ್ತುಮಾಡುವುದೂ ಆಗಲೇ. ಆ ಹೊತ್ತಿಗೆ ಉಬ್ಬರ ಇಳಿತದ ವೇಳಾಪಟ್ಟಿ, ಗೈಡುಗಳ ಹೆಸರು, ಅರ್ಧ ದಿನದ ಟಿಕೆಟ್ಟಿನ ದರ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿ ಮೈಸೂರು ಜಿಲ್ಲೆಯ ಬಿಇಒ ಕಚೇರಿಗಳಿಗೆ ಕಳಿಸಿದರೆ, ಈ ಡಿಸೆಂಬರಿನ ಪಟ್ಟಿಯಲ್ಲೇ ಒಂದೆರಡು ಶಾಲೆಗಳಾದರೂ ಮುರುಡೇಶ್ವರವನ್ನು ಮುಂದಿನ ವರ್ಷಕ್ಕೆ ಬಿಟ್ಟು ಮಲ್ಪೆಯಲ್ಲಿ ಒಂದು ಇಡೀ ಬೆಳಗು ಉಳಿಯಬಹುದು.